ವೃದ್ಧಾಶ್ರಮದಲ್ಲಿರುವ ಹಿರಿಯರ ಮೇಲೆ ದೌರ್ಜನ್ಯದ ಅನುಮಾನ ಬಂದಾಗ

ವೃದ್ಧಾಶ್ರಮದಲ್ಲಿ ದೌರ್ಜನ್ಯ ಎಂದ ಕೂಡಲೇ ಕೈ ಎತ್ತುವ ಆಯಾ ಕಣ್ಣ ಮುಂದೆ ಬರುತ್ತಾಳೆ. ನಿಜಕ್ಕೆ ಹೊಡೆತಕ್ಕಿಂತ ಗದರಿಕೆ, ಅವಮಾನ, ಹೆದರಿಕೆಗಳೇ ಹೆಚ್ಚು. ಆಮೇಲೆ ಬರುವುದು ಅಲಕ್ಷ್ಯ: ಕರೆದಾಗ ಬಾರದಿರುವುದು, ಒದ್ದೆ ಡಯಾಪರ್ ಬದಲಿಸದಿರುವುದು, ನೀರು ಕೊಟ್ಟರೆ ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ನಿಲ್ಲಿಸುವುದು. ಮಂಚಕ್ಕೆ ಕಟ್ಟಿಹಾಕುವುದು, ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಡುವುದು, ಒಡವೆ ಮತ್ತು ಪಿಂಚಣಿಗೆ ಕೈ ಹಾಕುವುದು, ಲೈಂಗಿಕ ದೌರ್ಜನ್ಯ, ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಮನೆ ಮತ್ತು ಸಮುದಾಯದಲ್ಲಿರುವ 60 ದಾಟಿದವರಲ್ಲಿ ಪ್ರತಿ ಆರು ಮಂದಿಗೆ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯ ಕಾಣುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೈಕೆ ಸಂಸ್ಥೆಗಳ ಲೆಕ್ಕ ಇನ್ನೂ ಕಟು. ಹಿಂದಿನ ಒಂದು ವರ್ಷದಲ್ಲಿ ತಾವೇ ಹೀಗೆ ನಡೆದುಕೊಂಡದ್ದುಂಟು ಎಂದು ಅಲ್ಲಿನ ಸಿಬ್ಬಂದಿಯಲ್ಲಿ ಮೂರರಲ್ಲಿ ಇಬ್ಬರು ಒಪ್ಪಿಕೊಂಡಿದ್ದಾರೆ. ಇವರೆಲ್ಲ ಕ್ರೂರಿಗಳೆಂದು ಅರ್ಥವಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಆಯಾ ಇಡೀ ಮಹಡಿ ನೋಡಿಕೊಳ್ಳುವ ಕಡೆ ಗದರಿಕೆ ಅಭ್ಯಾಸವಾಗಿಬಿಡುತ್ತದೆ.

ಬೆಂಗಳೂರಿನ ಹಳೇಪೇಟೆಗಳ ಕುಟುಂಬಗಳಿಗೆ ಈ ಪ್ರಶ್ನೆ ಹೊಸದು. ಬಳೇಪೇಟೆ, ಚಿಕ್ಕಪೇಟೆ, ಅರಳೇಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬ ಏರ್ಪಾಡಿತ್ತು. ಹಾಸಿಗೆ ಹಿಡಿದ ಅಜ್ಜಿಯ ದನಿ ಕೆಳಗಿನ ಗಲ್ಲಾಪೆಟ್ಟಿಗೆಯವರೆಗೂ ಕೇಳುತ್ತಿತ್ತು. ಮಹಡಿಗಳು ಗೋಡೌನ್ ಆದವು, ಸಂಸಾರಗಳು ದೂರದ ಬಡಾವಣೆಗಳ ಫ್ಲಾಟುಗಳಿಗೆ ಹೋದವು, ಮಕ್ಕಳಲ್ಲಿ ಹಲವರು ಸಮುದ್ರ ದಾಟಿದರು. ಬಿದ್ದು ಸೊಂಟ ಮುರಿದುಕೊಂಡ ಅಮ್ಮನಿಗೋ ಮರೆವು ಹತ್ತಿದ ಅಪ್ಪನಿಗೋ ಊರಂಚಿನ ಒಂದು ಆಶ್ರಮ ಗೊತ್ತಾಯಿತು. ಈಗ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ಮನೆಯವರು ಯಾರೂ ಇಲ್ಲ.

ಇಂಥ ಸಂಸ್ಥೆಗಳ ಮೇಲೆ ಸರ್ಕಾರದ ಕಣ್ಣು ಎಷ್ಟಿದೆ ಎಂಬುದು ಬೋರ್ಡಿನ ಮೇಲಿನ ಹೆಸರಿಗಿಂತ ನೋಂದಣಿಯ ಮೇಲೆ ನಿಂತಿದೆ. ನರ್ಸಿಂಗ್ ಹೋಮ್ ಎಂದು ಬೆಂಗಳೂರಿನಲ್ಲಿ ಕರೆಯುವುದು ಸಣ್ಣ ಆಸ್ಪತ್ರೆಯನ್ನು. ಅದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. ಅದರ ಮೇಲಿನ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗುತ್ತದೆ. ಮನೋರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಕೈಕಾಲು ಕಟ್ಟುವುದು ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯ ಮೇಲೆ, ಕಾರಣ ಬರೆದಿಟ್ಟು ಮಾತ್ರ. ಇವೆರಡರ ನಡುವೆ ಬರುವ, ತಿಂಗಳ ಹಣ ಪಡೆದು ಊಟ, ವಸತಿ, ಆರೈಕೆ ಕೊಡುವ ಖಾಸಗಿ ವೃದ್ಧಾಶ್ರಮದ ಸ್ಥಿತಿ ಸಡಿಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ನಿರ್ಗತಿಕ ಹಿರಿಯರಿಗೆ ಸರ್ಕಾರವೇ ತೆರೆಯಬಹುದಾದ ಆಶ್ರಮಗಳ ಮಾತಾಡುತ್ತದೆಯೇ ಹೊರತು ಖಾಸಗಿಯವರಿಗೆ ನೋಂದಣಿ ಕಡ್ಡಾಯ ಮಾಡುವುದಿಲ್ಲ. ಅದನ್ನು ಮಾಡಬೇಕೆಂದಿದ್ದ 2019ರ ತಿದ್ದುಪಡಿ ಮಸೂದೆ 17ನೇ ಲೋಕಸಭೆಯ ಜೊತೆಗೇ 2024ರಲ್ಲಿ ಬಿದ್ದುಹೋಯಿತು. ಸದ್ಯಕ್ಕೆ ಇಂಥ ಕಡೆ ಇರುವ ಗಟ್ಟಿ ತಪಾಸಣೆ ಎಂದರೆ ಮನೆಯವರ ಭೇಟಿಯೇ.

ಭೇಟಿ ತಪ್ಪಿದರೆ ಏನಾಗಬಹುದು ಎಂಬುದಕ್ಕೆ 2023ರ ಒಂದು ಪ್ರಕರಣ ಸಾಕ್ಷಿ. ಅದರ ಒಂದು ತುದಿ ಬೆಂಗಳೂರಿನಲ್ಲೇ ಇತ್ತು. ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಕುಂಡಲಪುಲಿಯೂರಿನಲ್ಲಿದ್ದ ಅನ್ಬು ಜ್ಯೋತಿ ಆಶ್ರಮಕ್ಕೆ 2021ರ ಡಿಸೆಂಬರಿನಲ್ಲಿ 70ರ ಆಸುಪಾಸಿನ ಹಿರಿಯರೊಬ್ಬರನ್ನು ಸೇರಿಸಲಾಗಿತ್ತು. ಬಂಧು ಅಮೆರಿಕದಲ್ಲಿದ್ದರು. ಮುಂದೆ ನೋಡಲು ಹೋದಾಗ, ಅವರನ್ನು ಬೆಂಗಳೂರಿನ ಇನ್ನೊಂದು ಆಶ್ರಮಕ್ಕೆ ಕಳಿಸಿದ್ದೇವೆ ಎಂಬ ಉತ್ತರ ಬಂತು. ಬೆಂಗಳೂರಿನಲ್ಲಿ ವಿಚಾರಿಸಿದರೆ, ಅವರು ಇಲ್ಲಿಂದ ತಪ್ಪಿಸಿಕೊಂಡು ಹೋದರು ಎಂದರು. ಮದ್ರಾಸ್ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹೋದ ಮೇಲಷ್ಟೇ ಅಧಿಕಾರಿಗಳು ಬಾಗಿಲು ತಟ್ಟಿದರು. 2023ರ ಫೆಬ್ರವರಿಯಲ್ಲಿ ಅಲ್ಲಿಂದ 140ಕ್ಕೂ ಹೆಚ್ಚು ಮಂದಿಯನ್ನು ಹೊರತರಲಾಯಿತು. ಪರವಾನಗಿ ಇರಲಿಲ್ಲ, ಹೊಡೆತ, ಲೈಂಗಿಕ ದೌರ್ಜನ್ಯದ ಆರೋಪಗಳು ಬಂದವು, ಬೇರೆ ಕೆಲವರೂ ಕಾಣೆಯಾಗಿದ್ದಾರೆಂಬ ದೂರುಗಳು ಬಂದವು, ತನಿಖೆ ಸಿಬಿ-ಸಿಐಡಿಗೆ ಹೋಯಿತು. ಇಡೀ ಪ್ರಕರಣ ಹೊರಬಿದ್ದದ್ದು ಒಂದು ಕುಟುಂಬ ‘ನಮ್ಮವರು ಎಲ್ಲಿ?’ ಎಂದು ಪಟ್ಟು ಹಿಡಿದದ್ದರಿಂದ. ಕುಟುಂಬಕ್ಕೆ ತಿಳಿಸದೆ ಸ್ಥಳಾಂತರಿಸುವುದು, ಭೇಟಿಗೆ ಒಂದೊಂದು ಸಲ ಒಂದೊಂದು ನೆಪ ಹೇಳುವುದು, ಫೋನು ಕೊಡದಿರುವುದು ಮೈಮೇಲಿನ ಗಾಯದಷ್ಟೇ ಗಂಭೀರ ಲಕ್ಷಣಗಳು.

ಮೈಮೇಲಿನ ಲಕ್ಷಣ ಓದುವುದಕ್ಕೆ ತಾಳ್ಮೆ ಬೇಕು. ವಯಸ್ಸಾದವರ ಚರ್ಮ ತೆಳು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಮಂಚದ ಅಂಚು ತಾಕಿದರೂ ನೀಲಿಗಟ್ಟುತ್ತದೆ. ಆದರೆ ಎಲ್ಲಿ ನೀಲಿಗಟ್ಟಿದೆ ಎಂಬುದು ಮುಖ್ಯ. ತಾನಾಗಿ ಆಗುವ ಕಲೆಗಳು ಹೆಚ್ಚಾಗಿ ಮುಂಗೈ, ಮೊಣಕಾಲಿನಂಥ ಕೈಕಾಲುಗಳ ಭಾಗದಲ್ಲಿರುತ್ತವೆ ಎಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿರಿಯರನ್ನು ದಿನದಿನವೂ ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಖ, ಕುತ್ತಿಗೆ, ಕಿವಿ, ಬೆನ್ನು, ಎದೆಯ ಮೇಲಿನ ಕಲೆಗೆ ವಿವರಣೆ ಕೇಳಲೇಬೇಕು. ಕಲೆಯ ಬಣ್ಣ ನೋಡಿ ಅದು ಎಷ್ಟು ದಿನದ್ದೆಂದು ಹೇಳಲು ಬರುವುದಿಲ್ಲ ಎಂಬುದೂ ಅದೇ ಅಧ್ಯಯನದಿಂದ ಗೊತ್ತಾಯಿತು. ಎರಡೂ ಮಣಿಕಟ್ಟಿನ ಸುತ್ತ ಒಂದೇ ಅಗಲದ ಗೆರೆ ಇದ್ದರೆ ಅದು ಬಳೆಯ ಗುರುತೋ, ಟವೆಲ್ಲಿನಲ್ಲಿ ಕಟ್ಟಿದ ಗುರುತೋ ನೋಡಬೇಕು. ಬಳೆಯ ಗುರುತು ಹಿಂದೆಮುಂದೆ ಸರಿಯುತ್ತದೆ, ಒತ್ತಿದರೆ ನೋಯುವುದಿಲ್ಲ. ಕಟ್ಟಿದ ಗುರುತು ಒಂದೇ ಕಡೆ ಕೂತಿರುತ್ತದೆ, ಚರ್ಮ ಸುಲಿದಿರಬಹುದು, ಮುಟ್ಟಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

ಹಾಸಿಗೆ ಹುಣ್ಣು ಹೊಡೆತಕ್ಕಿಂತ ಹೆಚ್ಚು ಮಾತಾಡುತ್ತದೆ. ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂಬುದು ಶುಶ್ರೂಷೆಯ ಹಳೆಯ ಪಾಠ. ಬದಲಿಸದಿದ್ದರೆ ಬೆನ್ನುಮೂಳೆಯ ಕೆಳತುದಿ, ಸೊಂಟದ ಮೂಳೆ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಮೊದಲ ಹಂತದ ಗುರುತು ಒತ್ತಿದರೂ ಬಿಳಿಚದ ಕೆಂಪು ಎಂದು ಪುಸ್ತಕ ಹೇಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಅಲ್ಲಿ ಬೆರಳಿಗೆ ಬಿಸಿ ಹತ್ತುತ್ತದೆಯೇ, ಸುತ್ತಲಿನ ಚರ್ಮಕ್ಕಿಂತ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಬೇಕು. ಭೇಟಿಗೆ ಹೋದ ಮಗಳು ಬೆನ್ನಿಗೆ ಪೌಡರ್ ಹಚ್ಚುವ ನೆಪದಲ್ಲಿ ಇದನ್ನೆಲ್ಲ ನೋಡಿಬಿಡಬಹುದು. ತೂಕವೂ ಹಾಗೆಯೇ: ಒಂದು ತಿಂಗಳಲ್ಲಿ ನೂರಕ್ಕೆ ಐದು, ಆರು ತಿಂಗಳಲ್ಲಿ ನೂರಕ್ಕೆ ಹತ್ತು ಇಳಿದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ರವಿಕೆ ಸಡಿಲವಾಗಿದೆಯೇ, ನಾಲಿಗೆ ಒಣಗಿದೆಯೇ, ಉಗುರು ಬೆಳೆದಿದೆಯೇ ಎಂಬುದಕ್ಕೆ ಯಾವ ಯಂತ್ರವೂ ಬೇಡ.

ಮಧ್ಯಾಹ್ನ ಮೂರಕ್ಕೂ ತೂಕಡಿಸುತ್ತಿದ್ದರೆ ಮಾತ್ರೆ ಪಟ್ಟಿ ಕೇಳಬೇಕು. ಮರೆವಿನ ಕಾಯಿಲೆಯ ಹಿರಿಯರಿಗೆ ಕ್ವೆಟಿಯಾಪಿನ್, ಒಲಾನ್ಜಪಿನ್‌ನಂಥ ಔಷಧಿ ಕೊಟ್ಟರೆ ಸಾವಿನ ಅಪಾಯ ಏರುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅವನ್ನು ಕೊಡಲೇಬಾರದೆಂದಲ್ಲ, ಯಾವ ವೈದ್ಯರು, ಯಾವಾಗ, ಯಾಕೆ ಬರೆದರು ಎಂಬುದು ಚೀಟಿಯಲ್ಲಿರಬೇಕು.

ಇನ್ನೊಂದು ಮಗ್ಗುಲೂ ಇದೆ. ‘ನನ್ನ ಬಳೆ ಕದ್ದರು’, ‘ಊಟವೇ ಹಾಕಲಿಲ್ಲ’ ಎಂಬುದು ಡಿಮೆನ್ಷಿಯಾ ಇರುವವರು ಆಗಾಗ ಆಡುವ ಮಾತು. ಮೂತ್ರದ ಸೋಂಕು, ನಿರ್ಜಲೀಕರಣಗಳಿಂದ ಒಂದೇ ದಿನದಲ್ಲಿ ಬುದ್ಧಿ ಕಲಕಿ, ಇಲ್ಲದ್ದು ಕಾಣುವುದೂ ಉಂಟು. ಹಾಗೆಂದು ಮರೆವಿನವರ ಮಾತನ್ನು ತಳ್ಳಿಹಾಕುವುದು ದೊಡ್ಡ ತಪ್ಪು. ಹೊಡೆತ ತಿಂದ ಹಿರಿಯರ ಮೇಲೆ ನಡೆದ 2009ರ ಇನ್ನೊಂದು ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ತಮ್ಮ ಕಲೆ ಹೇಗಾಯಿತೆಂದು ಹೇಳಬಲ್ಲವರಾಗಿದ್ದರು. ಅವರಲ್ಲಿ ನೆನಪು ಕುಂದಿದವರೂ ಇದ್ದರು. ಕೇಳುವ ಬಗೆ ಮಾತ್ರ ಬೇರೆ ಬೇಕು. ‘ಅಮ್ಮ, ಹೊಡೀತಾರಾ?’ ಎಂದು ಆಯಾಳ ಎದುರಿಗೆ ಕೇಳಿದರೆ ‘ಇಲ್ಲಪ್ಪ, ಚೆನ್ನಾಗ್ ನೋಡ್ಕೋತಾರೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅಂಗಳದಲ್ಲಿ ಕೂರಿಸಿಕೊಂಡು, ‘ರಾತ್ರಿ ಎದ್ರೆ ಯಾರು ಬರ್ತಾರಮ್ಮ? ಸ್ನಾನ ಯಾರು ಮಾಡಿಸ್ತಾರೆ?’ ಎಂದರೆ ಕಥೆ ತಾನಾಗಿ ಹೊರಡುತ್ತದೆ. ಹೊರ ರಾಜ್ಯಗಳಿಂದ ಬಂದ ಸಿಬ್ಬಂದಿ ಇರುವ ಕಡೆ, ಕೇಳಿದ ನೀರು ಸಿಗದಿರುವುದಕ್ಕೆ ಕನ್ನಡ ಅರ್ಥವಾಗದಿರುವುದೂ ಕಾರಣವಾಗಿರಬಹುದು. ಒಂದೇ ಹೊತ್ತಿಗೆ ಹೋಗುವುದನ್ನು ಬಿಟ್ಟು ಬೆಳಗಿನ ಸ್ನಾನದ ವೇಳೆ, ರಾತ್ರಿ ಊಟದ ವೇಳೆ, ಭಾನುವಾರದ ಮಧ್ಯಾಹ್ನ ಹೋದರೆ ಬಹಳಷ್ಟು ತಿಳಿಯುತ್ತದೆ.

ಅನುಮಾನ ಬಲವಾದ ಮೇಲೆ ಹೆಚ್ಚಿನ ಮನೆಯವರು ಮಾಡುವುದು ಆಫೀಸಿಗೆ ನುಗ್ಗಿ ಕೂಗಾಡುವುದನ್ನು. ಅಲ್ಲಿ ಬರುವ ಉತ್ತರ ಒಂದೇ: ‘ಬೇಕಿದ್ರೆ ಕರ್ಕೊಂಡು ಹೋಗಿ.’ ಕರೆದುಕೊಂಡು ಹೋಗಲು ಜಾಗವಿಲ್ಲದ್ದಕ್ಕೇ ಅಲ್ಲವೇ ಬಿಟ್ಟದ್ದು. ದೂರು ಅಲ್ಲಿಗೇ ಮುಗಿಯುತ್ತದೆ. ‘ನಾವೇ ಬಿಟ್ಟು ಬಂದವರು’ ಎಂಬ ಅಳುಕು ಬೇರೆ ಬಾಯಿ ಕಟ್ಟುತ್ತದೆ. ಆದ್ದರಿಂದ ದೂರಿನ ಮೊದಲ ಹೆಜ್ಜೆ ದೂರಲ್ಲ, ಜಾಗ. ಹದಿನೈದು ದಿನಕ್ಕಾದರೂ ಇರಿಸಿಕೊಳ್ಳಬಲ್ಲ ನೆಂಟರ ಮನೆ, ಹೋಮ್ ನರ್ಸ್ ಜೊತೆಗೆ ಸ್ವಂತ ಮನೆಯ ಒಂದು ಕೋಣೆ, ತಾತ್ಕಾಲಿಕವಾಗಿ ಸೇರಿಸಿಕೊಳ್ಳುವ ಇನ್ನೊಂದು ಕೇಂದ್ರ ಅಥವಾ ಆಸ್ಪತ್ರೆಯ ಒಂದು ಹಾಸಿಗೆ, ಯಾವುದಾದರೊಂದು ಕೈಯಲ್ಲಿದ್ದರೆ ‘ಕರ್ಕೊಂಡು ಹೋಗಿ’ ಎಂಬ ಮಾತಿಗೆ ಬಲವಿರುವುದಿಲ್ಲ. ಜೀವಕ್ಕೆ ಅಪಾಯವಿದೆ, ಮೂಳೆ ಮುರಿದಿದೆ, ಲೈಂಗಿಕ ದೌರ್ಜನ್ಯದ ಸುಳಿವಿದೆ ಎಂದರೆ ಇಷ್ಟಕ್ಕೂ ಕಾಯದೆ 112ಕ್ಕೆ ಕರೆ ಮಾಡಿ ಅಂದೇ ಹೊರತರಬೇಕು. ಲೈಂಗಿಕ ದೌರ್ಜನ್ಯದ ಶಂಕೆಯಿದ್ದಾಗ ಸ್ನಾನ ಮಾಡಿಸಬಾರದು, ಉಟ್ಟ ಬಟ್ಟೆ ಒಗೆಯಬಾರದು. ಹೊರತರಲು, ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರ ಒಪ್ಪಿಗೆಯೂ ಬೇಕು. ಅಲ್ಲಿ ಗೆಳೆಯರಿದ್ದಾರೆ, ಇನ್ನೊಂದು ಕಡೆ ಹೋಗಲಾರೆ ಎನ್ನುವ ಅಪ್ಪನನ್ನು ಎತ್ತಿ ಹಾಕಿಕೊಂಡು ಬರುವುದೂ ಒಂದು ಬಗೆಯ ಬಲವಂತವೇ.

ಜಾಗ ಗೊತ್ತಾದ ಮೇಲೆ ದಾಖಲೆ. ಗಾಯದ ಫೋಟೊ ಎರಡು ಬಗೆಯಲ್ಲಿ ಬೇಕು: ಮುಖ ಸಹಿತ ದೂರದ್ದೊಂದು, ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ ಇಟ್ಟು ಹತ್ತಿರದ್ದೊಂದು. ತಾರೀಖು, ವೇಳೆ, ಪಾಳಿಯಲ್ಲಿದ್ದವರು, ಹಿರಿಯರು ಆಡಿದ ಮಾತು ಅವರದೇ ಪದಗಳಲ್ಲಿ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಸಿಸಿಟಿವಿ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಹೀಗಾಗಿ ಇಂಥ ದಿನದ, ಇಂಥ ಕಾರಿಡಾರಿನ ದೃಶ್ಯ ಉಳಿಸಿಡಿ ಎಂದು ಬರವಣಿಗೆಯಲ್ಲೇ, ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕೇಳಬೇಕು. ಕೋಣೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಡುವ ಆಸೆ ಸಹಜ. ಆದರೆ ಅಲ್ಲಿ ಬಟ್ಟೆ ಬದಲಿಸುವ ಇನ್ನೊಬ್ಬ ಅಜ್ಜಿಯೂ ಇದ್ದರೆ ದೂರುದಾರರೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಖಾಸಗಿತನದ ಸೆಕ್ಷನ್‌ಗೆ ಸಿಕ್ಕಿಬೀಳಬಹುದು. ಬಳಗದ ವಾಟ್ಸ್ಯಾಪ್ ಗುಂಪಿಗೆ ಫೋಟೊ ಹಾಕುವುದರಿಂದ ಆಗುವುದು ಒಂದೇ: ಆಶ್ರಮದವರಿಗೆ ರಿಜಿಸ್ಟರ್ ತಿದ್ದಲು ಸಮಯ ಸಿಗುತ್ತದೆ.

ದಾಖಲೆಗಳಲ್ಲೆಲ್ಲ ತೂಕದ್ದು ವೈದ್ಯರ ಕಾಗದ. ಗಾಯವಿದ್ದರೆ ಆಶ್ರಮದ ವೈದ್ಯರಿಗೆ ತೋರಿಸಿ ಸುಮ್ಮನಾಗದೆ ಹೊರಗಿನ ಆಸ್ಪತ್ರೆಗೆ ಕರೆದೊಯ್ದು ಮೆಡಿಕೋ ಲೀಗಲ್ ಕೇಸ್, ಅಂದರೆ ಎಂಎಲ್‌ಸಿ ಮಾಡಿಸಬೇಕು. ಪೇಟೆಯವರಿಗೆ 1900ರಿಂದ ನಡೆದಿರುವ ವಿಕ್ಟೋರಿಯಾ ಆಸ್ಪತ್ರೆ ಮಗ್ಗುಲಲ್ಲೇ ಇದೆ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್. ಇಲ್ಲಿ ಸಿಗುವ ವೂಂಡ್ ಸರ್ಟಿಫಿಕೇಟಿನ ಒಂದು ಪದದ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ. ಗಾಯ ಸಾಧಾರಣ ಎಂದು ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 115(2)ನೇ ಸೆಕ್ಷನ್. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಕೊಟ್ಟು ಕಳಿಸುತ್ತಾರೆ. ತೀವ್ರ ಗಾಯ ಎಂದರೆ 117(2), ಏಳು ವರ್ಷದವರೆಗೆ ಶಿಕ್ಷೆ, ನೇರ ಎಫ್‌ಐಆರ್. ಮೂಳೆ ಮುರಿತ, ಹಲ್ಲು ಮುರಿತ, ಹದಿನೈದು ದಿನ ತೀವ್ರ ನೋವಿನಲ್ಲಿರುವಂಥ ಅಥವಾ ದಿನನಿತ್ಯದ ಕೆಲಸ ಮಾಡಲಾಗದಂಥ ಗಾಯ, ಇವು ತೀವ್ರದ ಪಟ್ಟಿಯಲ್ಲಿವೆ. ಹಾಗಾಗಿ ಕೈ ಊದಿದ್ದರೆ ಎಕ್ಸ್‌ರೇ ಬಿಡಬಾರದು.

ಕೂಡಿಹಾಕಿದ್ದಕ್ಕೆ, ಕಟ್ಟಿಹಾಕಿದ್ದಕ್ಕೆ 127ನೇ ಸೆಕ್ಷನ್, ನಂಬಿ ಕೊಟ್ಟ ಹಣ, ಒಡವೆ ನುಂಗಿದ್ದಕ್ಕೆ 316 ಇದೆ. ಅಷ್ಟಾಗಿ ಯಾರೂ ನೆನಪಿಸಿಕೊಳ್ಳದ 357ನೇ ಸೆಕ್ಷನ್ ಇಂಥ ಪ್ರಕರಣಕ್ಕೇ ಬರೆದಂತಿದೆ: ಕಾಯಿಲೆ ಅಥವಾ ದೇಹದ ದೌರ್ಬಲ್ಯದಿಂದ ಅಸಹಾಯಕರಾದವರನ್ನು ನೋಡಿಕೊಳ್ಳುವ ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಮೂರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಶಿಕ್ಷೆ ಚಿಕ್ಕದು. ಆದರೂ ಅಲಕ್ಷ್ಯವೂ ಅಪರಾಧವೇ ಎಂದು ತೋರಿಸಲು ಇದು ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಲಿಖಿತ ಕರಾರು ಕೈಯಲ್ಲಿರಬೇಕು. ಆಶ್ರಮ ಕನಕಪುರ ರಸ್ತೆಯಲ್ಲಿದ್ದು ಮನೆ ಬಳೇಪೇಟೆಯಲ್ಲಿದ್ದರೆ ಮನೆ ಹತ್ತಿರದ ಠಾಣೆಯಲ್ಲೇ ಝೀರೊ ಎಫ್‌ಐಆರ್ ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಎಂದು ತಿರುಗಿಸುವಂತಿಲ್ಲ. ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ.

ಪೊಲೀಸ್ ಠಾಣೆ ಎಂದರೆ ಹಿಂಜರಿಯುವವರಿಗೆ ಬೆಂಗಳೂರಿನಲ್ಲಿ ಒಂದು ನಡುದಾರಿ 2002ರಿಂದಲೇ ಇದೆ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಶುರುಮಾಡಿದ ಹಿರಿಯರ ಸಹಾಯವಾಣಿ 1090. ಆಪ್ತಸಲಹೆ, ಮಾತುಕತೆ, ಬೇಕಾದರೆ ಪೊಲೀಸ್ ನೆರವು ಅಲ್ಲಿ ಸಿಗುತ್ತದೆ. ರಾಷ್ಟ್ರಮಟ್ಟದ ಎಲ್ಡರ್‌ಲೈನ್ 14567, ಉಚಿತ ಕಾನೂನು ನೆರವಿಗೆ 15100. ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ದೂರಿನ ಪ್ರತಿ ಹೋಗಬೇಕು. ಆಶ್ರಮ ಸರ್ಕಾರದ ಅನುದಾನ ಪಡೆಯುತ್ತಿದ್ದರೆ ಇಲಾಖೆಯ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಉಪವಿಭಾಗಾಧಿಕಾರಿ ಮುಂದೆ ನಡೆಯುತ್ತದೆ. ಬಹುತೇಕರು ಇದನ್ನು ಮಕ್ಕಳ ಮೇಲಿನ ಜೀವನಾಂಶದ ಅರ್ಜಿಗೆ ಮಾತ್ರ ಎಂದುಕೊಂಡಿದ್ದಾರೆ. ಆದರೆ 23ನೇ ಸೆಕ್ಷನ್ ಆಸ್ತಿ ಬರೆಸಿಕೊಂಡವರು ಯಾರೇ ಇರಲಿ, ಮಕ್ಕಳೇ ಆಗಬೇಕೆಂದಿಲ್ಲ, ಅವರಿಗೆ ಅನ್ವಯಿಸುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಸೈಟೋ ಮನೆಯೋ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಬಹುದು. ಪೇಟೆಯ ಹಳೆ ಮನೆಗಳ ಬೆಲೆ ಈಗ ಏನೆಂದು ಎಲ್ಲರಿಗೂ ಗೊತ್ತಿರುವುದರಿಂದ, ಪತ್ರ ಬರೆಸಿಕೊಳ್ಳಲು ಮುಂದೆ ಬರುವವರು ಆಶ್ರಮದವರಷ್ಟೇ ಅಲ್ಲ, ಬಳಗದಲ್ಲೂ ಇರುತ್ತಾರೆ. ಷರತ್ತು ಪತ್ರದಲ್ಲೇ ಬರೆದಿರುವುದು ಕ್ಷೇಮ. ಉಯಿಲು ಬೇರೆ ಮಾತು. ಬರೆದವರು ಬದುಕಿರುವವರೆಗೂ, ಬುದ್ಧಿ ಸ್ವಾಧೀನದಲ್ಲಿದ್ದರೆ, ಅದನ್ನು ಬದಲಿಸಬಹುದು. ಸೇರಿಸುವ ದಿನವೇ ಬಳೆ, ಮಾಂಗಲ್ಯ, ಮೂಗುಬೊಟ್ಟು, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಸೇರಿ ಒಂದು ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಿದ್ದರೆ ಒಡವೆಯ ಜಗಳ ಅರ್ಧ ಇಲ್ಲವಾಗುತ್ತದೆ.

ಕಟ್ಟಿದ ಠೇವಣಿ ವಾಪಸು, ಸೇವಾ ನ್ಯೂನತೆಗೆ ಪರಿಹಾರ ಬೇಕಾದರೆ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, ಗಡುವು ಎರಡು ವರ್ಷ.

ಆಶ್ರಮದಲ್ಲಿ ಹಠಾತ್ ಸಾವಾಗಿ ಅನುಮಾನವಿದ್ದರೆ ದಹನಕ್ಕೆ ಮೊದಲು ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಕೇಳಬೇಕು. ಮೈಲಿಗೆ, ಮುಹೂರ್ತ, ದೂರದಿಂದ ಬರುವವರ ಗಡಿಬಿಡಿಯಲ್ಲಿ ಈ ಒಂದು ಗಂಟೆ ತಪ್ಪಿದರೆ ಆಮೇಲೆ ಯಾವ ಕೋರ್ಟಿಗೂ ಸಾಕ್ಷ್ಯ ಸಿಗುವುದಿಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ವಿಡಿಯೊ ಕಾಲ್ ಸಾಲದು. ಕ್ಯಾಮೆರಾ ಹಿಡಿದವಳು ಆಯಾಳೇ ಆಗಿರುತ್ತಾಳೆ. ಊರಿನಲ್ಲಿರುವ ಒಬ್ಬ ನೆಂಟರಿಗೋ ಸ್ನೇಹಿತರಿಗೋ ಹೇಳದೆ ಹೋಗಿ ನೋಡುವ, ಮಾತ್ರೆ ಪಟ್ಟಿ ಕೇಳುವ, ಅಗತ್ಯ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯುವ ಅಧಿಕಾರವನ್ನು ಸೇರಿಸುವಾಗಲೇ ಬರವಣಿಗೆಯಲ್ಲಿ ಕೊಟ್ಟಿರಬೇಕು. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ಪದ್ಧತಿ ಗೊತ್ತು: ಹಿರಿಯರ ಆರೈಕೆಯ ಬಗ್ಗೆ 2018ರಿಂದ 2021ರವರೆಗೆ ನಡೆದ ರಾಯಲ್ ಕಮಿಷನ್ ವಿಚಾರಣೆಯ ಬೆನ್ನಲ್ಲೇ, 2021ರ ಏಪ್ರಿಲ್‌ನಲ್ಲಿ ಅಲ್ಲಿ ಬಂದ ವ್ಯವಸ್ಥೆಯಲ್ಲಿ ಗಂಭೀರ ಘಟನೆಯನ್ನು ಕೇಂದ್ರದವರೇ 24 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಇಲ್ಲಿ ಆ ಕೆಲಸ ಕುಟುಂಬದ ಪಾಲಿಗೇ ಬಂದಿದೆ.

ತಮ್ಮವರನ್ನು ಬೇರೆ ಕಡೆಗೆ ಕರೆತಂದ ಮೇಲೆ ದೂರು ಕೈಬಿಡುವವರೇ ಹೆಚ್ಚು. ಆಶ್ರಮದವರು ಠೇವಣಿ ತಕ್ಷಣ ಹಿಂತಿರುಗಿಸಿ, ತಕರಾರಿಲ್ಲ ಎಂಬ ಚೀಟಿಗೆ ಸಹಿ ಕೇಳುವುದೂ ಉಂಟು. ಠೇವಣಿಗೆ ರಸೀದಿ ಬರೆದುಕೊಡಬಹುದು, ದೂರು ಹಿಂತೆಗೆದುಕೊಳ್ಳುವ ಸಾಲು ಅದರಲ್ಲಿರಬೇಕಿಲ್ಲ. ಪಕ್ಕದ ಮಂಚದವರನ್ನು ನೋಡಲು ವರ್ಷಗಟ್ಟಲೆ ಯಾರೂ ಬಾರದಿರುವ ಸಾಧ್ಯತೆ ಇರುತ್ತದೆ. ಇಲಾಖೆಗೆ ಕೊಡುವ ದೂರಿನಲ್ಲಿ ಅಂಥವರ ಕೋಣೆ ಸಂಖ್ಯೆ, ಕಂಡ ಸ್ಥಿತಿ ಬರೆದರೆ ತಪಾಸಣೆಗೆ ಬರುವ ಅಧಿಕಾರಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.